ಎರಡು ತಾಸಿನ ಬೆಂಗಳೂರು

ಜಿಜಾಬಾಯಿಯನ್ನು ನಾನು ಮೊದಲು ನೋಡಿದ್ದು ಬೀದರದ ಬಸ್ ನಿಲ್ದಾಣದಲ್ಲಿ, ೧೯೫೭ರ ಬೇಸಿಗೆಯಲ್ಲಿ. ನಿಲ್ದಾಣವೆಂದರೆ ಆಗ ಒಂದು ತಗಡಿನ ಚಪ್ಪರ, ಪಕ್ಕದಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಕೊಡಗಳು. ನಾನು ಹೈದರಾಬಾದಿನಲ್ಲಿ ಬಿ.ಎ. ಪರೀಕ್ಷೆ ಮುಗಿಸಿ ನಮ್ಮೂರು ಖಟಕ ಚಿಂಚೋಳಿಗೆ ಹೊರಟಿದ್ದೆ. ಭಾಲ್ಕಿ ಬಸ್ಸು ಇನ್ನೂ ಬಂದಿರಲಿಲ್ಲ. ಹೈದರಾಬಾದ್ ಬಸ್ಸು ಹೊರಡಲು ನಿಂತಿತ್ತು, ಅದರ ನೆತ್ತಿಯ ಮೇಲೆ ಕಂಡಕ್ಟರ್ ಕರೀಮ ಸಾಬ ಸಾಮಾನುಗಳಿಗೆ ಹಗ್ಗ ಬಿಗಿಯುತ್ತಿದ್ದ.

ಕೆಂಪು ಕೋಟೆಯ ದಿಕ್ಕಿನಿಂದ ಒಬ್ಬ ಹೆಂಗಸು ನೇರ ಬಸ್ಸಿನ ಹತ್ತಿರ ಬಂದಳು. ವಯಸ್ಸು ನಲವತ್ತರ ಮೇಲೆ. ಕಚ್ಚೆ ಹಾಕಿ ಉಟ್ಟ ಕಡುಹಸಿರು ಸೀರೆ, ಮೊಳಕಾಲಿನವರೆಗೆ ಒಣಗಿದ ನದಿಯ ಕೆಸರು, ಕಾಲಲ್ಲಿ ಏನೂ ಇಲ್ಲ. ಬಗಲಲ್ಲಿ ಒಂದೇ ಒಂದು ಬುತ್ತಿಯ ಗಂಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲೆ ನೋಡಿ ಕೇಳಿದಳು:

“ಭಾಯಿ, ಬೆಂಗಳೂರ ಬಸ್ಸು ಯಾವುದರಿ?”

ಕರೀಮ ಸಾಬ ಹಗ್ಗ ಬಿಟ್ಟು ಬಗ್ಗಿ ನೋಡಿದ. “ಯಾವ ಊರಂದಿ?”

“ಬೆಂಗಳೂರ. ಹೊಸಾ ಸರಕಾರದ ಊರ.”

“ಅರೆ ಬಾಯಿ, ಇಲ್ಲಿಂದ ಬೆಂಗಳೂರಿಗಿ ಬಸ್ಸು ಎಲ್ಲಿದು?”

“ಬಸ್ ಇಲ್ಲಂದ್ರ ಬಿಡು, ನಡದು ಹೋಗ್ತೇನಿ. ಹಾದಿ ಅಷ್ಟು ತೋರ್ಸು. ಎರಡ ತಾಸಿನ ಹಾದಿಗಿ ಬಸ್ ಯಾತಕ ಬೇಕು?”

ಚಪ್ಪರದ ಕೆಳಗೆ ಕೂತವರೆಲ್ಲ ಒಮ್ಮೆಲೆ ನಕ್ಕರು. ಪಾನ್ ಅಂಗಡಿಯವನು ಸುಣ್ಣದ ಕೈಯೆತ್ತಿ ಕೂಗಿದ: “ಅಜೀ, ಚೌಬಾರಾ ದಾಟಿ ಎಡಕ್ಕ ಹೊರಳು, ಅಲ್ಲೇ ಅದ ಬೆಂಗಳೂರು! ಬರುವಾಗ ನನಗೂ ಒಂದು ಸರಕಾರಿ ನೌಕರಿ ತಂದುಬಿಡು!” ಮತ್ತೆ ನಗು.

ಆಕೆ ನಾಚಲಿಲ್ಲ, ತಲೆ ತಗ್ಗಿಸಲಿಲ್ಲ. ನಗು ನಿಲ್ಲುವವರೆಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು. ಎಲ್ಲರೂ ಸುಮ್ಮನಾದ ಮೇಲೆ ಕೇಳಿದಳು: “ನಕ್ಕು ಆತು? ಈಗ ಹಾದಿ ಹೇಳ್ರಿ.”

ನಾನು ಎದ್ದು ಹೋಗಿ ಹೇಳಿದೆ. ಇಲ್ಲಿ ರೈಲು ಹತ್ತಬೇಕು, ವಿಕಾರಾಬಾದಿನಲ್ಲಿ ಇಳಿಯಬೇಕು, ವಾಡಿಯಲ್ಲಿ ಗಾಡಿ ಬದಲಿಸಬೇಕು, ಗುಂತಕಲ್ಲಿನಲ್ಲಿ ಮತ್ತೆ ಬದಲಿಸಬೇಕು, ಎರಡು ರಾತ್ರಿ ಕೂತೇ ಕಳೆಯಬೇಕಾದೀತು ಎಂದೆ. ಊರಿನ ಹೆಸರೊಂದು ಬಂದಂತೆಲ್ಲ ಆಕೆ ತಲೆ ಆಡಿಸಿದಳು. ಕೊನೆಗೆ ಬೇವಿನ ಮರದ ಬುಡದಲ್ಲಿ ಕೂತು ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಒಂದಿಷ್ಟು ಕಡಲೆಬೇಳೆಯ ಪಲ್ಯ, ಉಳ್ಳಾಗಡ್ಡಿ.

“ಒಂದ ಬುತ್ತಿನೂ ಹೆಚ್ಚಾತು ಅಂತ ಮಾಡಿದ್ದೆ ತಮ್ಮಾ,” ಎಂದಳು. “ಬರುವಾಗ ಹಸಿವಾದ್ರ ಇರ್ಲಿ ಅಂತ ಕಟಗೊಂಡು ಬಂದೆ.”

ಔರಾದ ಕಡೆಯ ಹಳ್ಳಿಗಳಲ್ಲಿ ಊರಿನ ದೂರವನ್ನು ಬುತ್ತಿಯಿಂದ ಅಳೆಯುತ್ತಾರೆ. ಮೈಲಿಕಲ್ಲು ಡಾಂಬರು ರಸ್ತೆಯವರಿಗೆ. ಆಕೆಯ ಊರು ಎಕಂಬಾದಿಂದ ಬೀದರ ಬೇಸಿಗೆಯಲ್ಲಿ ಒಂದು ಬುತ್ತಿ, ಮಳೆಗಾಲದಲ್ಲಿ ಎರಡು. ಮಾಂಜ್ರಾ ನದಿ ತುಂಬಿತೆಂದರೆ ಬುತ್ತಿಯ ಲೆಕ್ಕ ನಿಂತುಹೋಗುತ್ತದೆ, ದಂಡೆಯ ಮೇಲೆ ಕೂತು ಕಾಯುವುದೇ ಲೆಕ್ಕ. ಎರಡು ತಾಸಿನ ಊರಿಗೆ ಬುತ್ತಿಯೇ ಬೇಡ. ಹಾಗಿದ್ದೂ ಆಕೆ ಬೀದರದ ಬುತ್ತಿಯ ಮೇಲೆ ಇನ್ನೊಂದು ಕಟ್ಟಿಕೊಂಡಿದ್ದಳು.

“ಎರಡು ತಾಸು ಅಂತ ಯಾರು ಹೇಳಿದ್ರಿ ನಿಮಗ?” ಎಂದು ಕೇಳಿದೆ.

“ಸರಕಾರನ ಹೇಳ್ಯಾದ,” ಎಂದಳು.

ಅದು ಸುಳ್ಳಲ್ಲ. ಹಿಂದಿನ ಚಳಿಗಾಲದಲ್ಲಿ, ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಔರಾದದ ತಹಸೀಲ ಕಚೇರಿಯ ಅಂಗಳದಲ್ಲಿ ಸಭೆ ನಡೆದಿತ್ತು. ಜನರಿಗೆ ಒಂದು ಚಿಂತೆ ಇತ್ತು. ಹೈದರಾಬಾದು ಕಂಡ ಊರು. ಬೆಂಗಳೂರನ್ನು ಕಂಡವರು ಇಡೀ ತಾಲೂಕಿನಲ್ಲಿ ಇರಲಿಲ್ಲ. ದಕ್ಷಿಣದಿಂದ ಬಂದ ಒಬ್ಬ ದೊಡ್ಡ ಅಧಿಕಾರಿ ನಿಂತು, ರಾಜಧಾನಿ ದೂರವಾಯಿತೆಂದು ಯಾರೂ ಹೆದರಬೇಕಾಗಿಲ್ಲ, ಹೈದರಾಬಾದಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಎರಡೇ ಗಂಟೆ ಎಂದು ಹೇಳಿದರು. ಚಪ್ಪಾಳೆ ಬಿತ್ತು. ಎಕಂಬಾದವರು ಮನೆಗೆ ಹೋಗುವಾಗ ಆ ಎರಡು ತಾಸನ್ನಷ್ಟೇ ಹೊತ್ತುಕೊಂಡು ಹೋದರು. ಊರಿನ ಕಟ್ಟೆಯ ಮೇಲೆ ಕೂತು ತರ್ಕ ಮಾಡಿದರು: ಬೀದರಕ್ಕೆ ಹೋಗಲು ಒಂದು ಹಗಲು ಬೇಕು, ಅಲ್ಲಿಂದಾಚೆ ಬೆಂಗಳೂರಿಗೆ ಎರಡು ತಾಸು ಸಾಕು, ಅಂದಮೇಲೆ ಬೆಂಗಳೂರು ಬೀದರದ ಬಗಲಲ್ಲೇ ಇರಬೇಕು.

ಇದನ್ನು ಕೇಳಿ ನಗಲು ಹೋದೆ, ಆಗಲಿಲ್ಲ. ಅವರ ತರ್ಕದಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ದೂರವನ್ನು ಹೊತ್ತಿನಲ್ಲಿ ಹೇಳುವವನು ಅದು ಯಾರ ಹೊತ್ತು ಎಂದೂ ಹೇಳಬೇಕು. ವಿಮಾನದಲ್ಲಿ ಕೂರುವವನ ಹೊತ್ತನ್ನು ಕೆಸರಿನಲ್ಲಿ ನಡೆಯುವವರ ಮುಂದೆ ಇಟ್ಟು ಚಪ್ಪಾಳೆ ಗಿಟ್ಟಿಸಿಕೊಂಡವರು ಯಾರು? ಆಮೇಲೆ ನಿಲ್ದಾಣದಲ್ಲಿ ನಗೆಪಾಟಲಾದವಳು ಮಾತ್ರ ಜಿಜಾಬಾಯಿ.

“ನೀವು ಓದಿದವರು ಇದ್ದೀರಿ,” ಎಂದಳು ಆಕೆ, ರೊಟ್ಟಿ ಮುರಿಯುತ್ತ. “ಅಂವಾ ಹಂಗ ಹೇಳುವಾಗ ನಿಮ್ಮಂಥಾವರು ಒಬ್ಬರಾದ್ರೂ ಎದ್ದು ನಿಂತು, ಎರಡ ತಾಸು ಯಾರಿಗ್ರಿ ಅಂತ ಕೇಳಬಾರದಾಗಿತ್ತಾ?”

ನಾನು ಆ ಸಭೆಯಲ್ಲಿ ಇರಲಿಲ್ಲ ಎಂದೆ. “ಇದ್ದಿದ್ರ?” ಎಂದಳು. ಭಾಲ್ಕಿ ಬಸ್ಸು ಬಂತು. ಹತ್ತುವ ಮೊದಲು, ಬೆಂಗಳೂರಿನಲ್ಲಿ ಏನು ಕೆಲಸವಿತ್ತು ಎಂದು ಕೇಳಿದೆ.

“ನಾವ,” ಎಂದಳು. ದೋಣಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. “ನಮ್ಮ ಹೊಳಿ ನಾವ ಒಡದು ಬಿದ್ದದ. ಮಳಿ ಬರೂದರಾಗ ಅದು ಆಗಬೇಕು. ನನ್ನ ಮಗಳು ಬಸರದಾಳ.”

ಆ ಮೃಗಶಿರ ಮಳೆಯ ಹೊತ್ತಿಗೆ ನನಗೆ ಮಾಸ್ತರಿಕೆ ಸಿಕ್ಕಿತು. ಊರು ಎಕಂಬಾ. ಹೀಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ.

ಜಿಜಾಬಾಯಿ ಊರಿನ ದಾಯಿ. ಸುತ್ತಲಿನ ಹಳ್ಳಿಗಳ ಹೆರಿಗೆಗೂ ಅವಳೇ ಹೋಗುತ್ತಿದ್ದಳು. ಅವಳ ಓಣಿಯವರು ಹಿಂದಿನ ದಸರೆಯ ನಂತರ ಬುದ್ಧನನ್ನು ನಂಬಿದವರು. ಅವಳಿಗೆ ತಮ್ಮ ಹೊಸ್ತಿಲು ತುಳಿಯಲು ಬಿಡದ ಮನೆಗಳಿದ್ದವು. ಒಳಗೆ ನೋವು ಶುರುವಾದಾಗ ಮಾತ್ರ ಆ ಮನೆಗಳವರೇ ಓಡಿಬಂದು ಕರೆಯುತ್ತಿದ್ದರು, ಮಗು ಅತ್ತ ಮೇಲೆ ನೆಲ ಸಾರಿಸುತ್ತಿದ್ದರು. ಅದಕ್ಕೆ ಅವಳು ಸಿಟ್ಟಾಗುತ್ತಿದ್ದಳು, ಆದರೆ ಹೋಗುತ್ತಿದ್ದಳು. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಕೌಸಲ್ಯಾಬಾಯಿ. ಕೌಸಲ್ಯೆಯ ಮೊದಲ ಹೆರಿಗೆಯಲ್ಲಿ ಕೂಸು ಅಡ್ಡ ನಿಂತಿತ್ತು. ಎಷ್ಟೋ ಕೂಸುಗಳನ್ನು ಹೊರತಂದ ತಾಯಿಯ ಕೈ ಅಲ್ಲಿ ಸೋತಿತು. ಅಂದು ನಾವೆಯಲ್ಲಿ ನದಿ ದಾಟಿ ಬೀದರದ ದವಾಖಾನೆ ಮುಟ್ಟಿದ್ದರಿಂದ ಕೌಸಲ್ಯೆ ಬದುಕಿದಳು, ಕೂಸು ಬದುಕಲಿಲ್ಲ. ಈಗ ಎರಡನೆಯದು, ಶ್ರಾವಣದಲ್ಲಿ ದಿನ ತುಂಬುತ್ತಿತ್ತು. ಶ್ರಾವಣದಲ್ಲಿ ಮಾಂಜ್ರಾ ಕೂಡ ತುಂಬಿರುತ್ತದೆ.

ನಾವೆ ಸರಕಾರದ್ದು. ಹೈದರಾಬಾದ್ ಸರಕಾರದ ಕೊನೆಯ ಮಳೆಗಾಲದಲ್ಲಿ ತೇಲಿಬಂದ ಮರವೊಂದು ಬಡಿದು ಅದರ ಹೊಟ್ಟೆ ಒಡೆದಿತ್ತು. ಅದನ್ನು ನಡೆಸುತ್ತಿದ್ದವನು ಸಲಾವೋದ್ದೀನ, ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಸಲಾವೋದ್ದೀನ ಬಡಿಗನನ್ನು ಕರೆತಂದು ತಾನೇ ಹಲಗೆ ಬಡಿಸಲು ಹೋದ. ತಹಸೀಲಿನ ಜವಾನ ಬಂದು ತಡೆದ. ನಾವೆ ಈಗ ಮೈಸೂರು ಸರಕಾರದ ಆಸ್ತಿ, ಅದಕ್ಕೊಂದು ಮೊಳೆ ಹೊಡೆಯಬೇಕಾದರೂ ಬೆಂಗಳೂರಿನ ಅಪ್ಪಣೆ ಬೇಕು, ಕೈ ಹಚ್ಚಿದರೆ ಕೇಸು ಎಂದ. ಅಷ್ಟಕ್ಕೆ ಬಿಡಲಿಲ್ಲ. ನೀರಲ್ಲಿ ಇಟ್ಟರೆ ಮುಳುಗುವಂಥ ಆ ನಾವೆಗೆ ಸರಪಳಿ ಸುತ್ತಿ ದಂಡೆಯ ದಿಬ್ಬದ ಮೇಲಿನ ಹುಣಸೆ ಮರಕ್ಕೆ ಕೀಲಿ ಹಾಕಿಹೋದ.

“ತೂತಿನ ನಾವ ಯಾವ ಕಳ್ಳ ಒಯ್ತಾನ್ರಿ?” ಎಂದು ಸಲಾವೋದ್ದೀನ ನನ್ನನ್ನು ಕೇಳಿದ.

ಜಿಜಾಬಾಯಿ ತಹಸೀಲಿಗೆ ಹೋದಳು, ಬೀದರಕ್ಕೆ ಹೋದಳು. ಎಲ್ಲರದೂ ಒಂದೇ ಮಾತು: ಬೆಂಗಳೂರಿನಿಂದ ಬರಬೇಕು. ಬೆಂಗಳೂರಿಗೆ ತಾನೇ ಹೋಗಿ ತರುತ್ತೇನೆಂದು ಹೊರಟವಳನ್ನು ನಾನು ಆ ದಿನ ನಿಲ್ದಾಣದಲ್ಲಿ ಕಂಡದ್ದು.

ಶ್ರಾವಣದ ಒಂದು ಬೆಳಿಗ್ಗೆ ಕೌಸಲ್ಯೆಗೆ ನೋವು ಶುರುವಾಯಿತು. ಜಿಜಾಬಾಯಿ ಮಗಳ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದಳು. ಈ ಸಲವೂ ಕೂಸು ಅಡ್ಡ. ಆಕೆ ನೇರ ಗೋರಖನಾಥನ ಮನೆಗೆ ನಡೆದಳು. ಗೋರಖನಾಥ ಕಬ್ಬು ಬೆಳೆಯುವ ರೈತ. ಅವನ ಅಂಗಳದ ಮೂಲೆಯಲ್ಲಿ ಬೆಲ್ಲ ಕಾಸುವ ದೊಡ್ಡ ಕಬ್ಬಿಣದ ಕಡಾಯಿ ಬೋರಲು ಬಿದ್ದಿತ್ತು. ನಮ್ಮ ಕಡೆ ನದಿ ಮಿತಿಮೀರಿದಾಗ ಅದರಲ್ಲಿ ಕೂತು ದಾಟುವುದು ಹಳೆಯ ರೂಢಿ, ಆದರೆ ಗಂಡಸರು, ಅದೂ ನೀರು ಸ್ವಲ್ಪ ಇಳಿದ ಮೇಲೆ.

“ದಾದಾ, ಕಡಾಯಿ ಕೊಡ್ರಿ.”

ಗೋರಖನಾಥ ಒಮ್ಮೆ ಅವಳನ್ನು, ಒಮ್ಮೆ ಕಡಾಯಿಯನ್ನು ನೋಡಿದ. “ಜಿಜಾಬಾಯಿ, ಅದರಾಗ ನಾವು ಬೆಲ್ಲ ಕಾಸತೀವಿ… ದೇವರಿಗಿ ಇಡೂ ಬೆಲ್ಲ…”

“ನಿಮ್ಮ ಮೂರೂ ಮಕ್ಕಳ ಹೊಕ್ಕಳ ಕೊಯ್ದಿದ್ದು ಇದೇ ಕೈ. ಅವಾಗ ನಿಮ್ಮ ದೇವರಿಗಿ ನಡೀತು. ಈಗ ನನ್ನ ಮಗಳು ಕುಂತ್ರ ಕೆಡ್ತದೇನು?”

ಗೋರಖನಾಥ ತಾನೇ ಒಂದು ಬದಿ ಹಿಡಿದು ಕಡಾಯಿ ಎತ್ತಿಸಿದ, ನದಿಯವರೆಗೆ ಬಂದು ಅದಕ್ಕೆ ಕಟ್ಟಿದ ಹಗ್ಗವನ್ನೂ ಹಿಡಿದ. ಇದನ್ನು ಬರೆಯದಿದ್ದರೆ ಅನ್ಯಾಯವಾದೀತು.

ಕಡಾಯಿಯಲ್ಲಿ ಹುಲ್ಲು ಹಾಸಿ ಕೌಸಲ್ಯೆಯನ್ನು ಮಲಗಿಸಿದರು. ಜಿಜಾಬಾಯಿ ಅವಳ ಕಾಲ ಬಳಿ ಕೂತಳು. ಸಲಾವೋದ್ದೀನ ಮತ್ತು ಇನ್ನಷ್ಟು ಈಜುಗಾರರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಸುತ್ತ ಹಿಡಿದು ತಳ್ಳಿದರು. ಕಡಾಯಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ನಡುನೀರಿನಲ್ಲಿ ಅದು ಬುಗುರಿಯಂತೆ ತಿರುಗಿತು. ದಂಡೆಯಲ್ಲಿ ನಿಂತ ನಮಗೆ ಸಲಾವೋದ್ದೀನನ ಕೂಗು ಮಾತ್ರ ಕೇಳುತ್ತಿತ್ತು. ತಿರುಗುವ ಕಡಾಯಿಯಲ್ಲಿ ಜಿಜಾಬಾಯಿ ಕೂಸನ್ನು ಹೊರಳಿಸಿ ಕಾಲು ಹಿಡಿದು ಹೊರತಂದಳು. ಹೇಗೆ ಮಾಡಿದೆ ಎಂದು ಆಮೇಲೆ ಕೇಳಿದ್ದಕ್ಕೆ, “ಬ್ಯಾರೆ ಏನ ಮಾಡಲಿ ಮಾಸ್ತರ, ಇಳದು ಹೋಗ್ಲಿಕ್ಕ ಆಗ್ತಿತ್ತೇನು?” ಎಂದಳು. ಕೌಸಲ್ಯೆಗೆ ರಕ್ತ ನಿಲ್ಲಲಿಲ್ಲ. ಆಚೆ ದಂಡೆಯಿಂದ ಗಾಡಿ ಕಟ್ಟಿ ಬೀದರಕ್ಕೆ ಒಯ್ದರು. ತಾಯಿಯೂ ಉಳಿದಳು, ಕೂಸೂ ಉಳಿಯಿತು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಭಾದ್ರಪದದಲ್ಲಿ ಸಲಾವೋದ್ದೀನನ ಹೆಂಡತಿ ಗುಲಶನಳ ಸರದಿ ಬಂತು. ದಿನ ತುಂಬುವ ಮೊದಲೇ ರಕ್ತ ಹೋಗತೊಡಗಿತು. ಆ ದಿನ ನದಿ ದಂಡೆ ಮೀರಿ ಹೊಲಗಳಿಗೆ ನುಗ್ಗಿತ್ತು. ಹಿಂದಿನ ತಿಂಗಳು ಬೇರೆಯವರ ಮಗಳನ್ನು ದಾಟಿಸಿದ ಸಲಾವೋದ್ದೀನ ತನ್ನ ಹೆಂಡತಿಗಾಗಿ ಖಾಲಿ ಕಡಾಯಿಯನ್ನು ನೀರಿಗಿಳಿಸಿ ನೋಡಿದ. ಅದು ಮಗುಚಿತು. ಮತ್ತೆ ಇಳಿಸಿದ, ಮತ್ತೆ ಮಗುಚಿತು. ನಾಲ್ಕು ಹುಟ್ಟುಗೋಲಿನ ಆ ದೊಡ್ಡ ನಾವೆ ಇಂಥ ನೀರನ್ನು ಎಷ್ಟೋ ಸಲ ದಾಟಿತ್ತು, ಈಗ ಸರಪಳಿಯಲ್ಲಿ ನಿಂತಿತ್ತು. ಗುಲಶನಳ ಹೊರಸನ್ನು ಹುಣಸೆ ಮರದ ಕೆಳಗೆ ಅದರ ಪಕ್ಕದಲ್ಲೇ ಇಳಿಸಿದ್ದರು, ಮಳೆಯಲ್ಲಿ ಬೇರೆ ಮರೆ ಇರಲಿಲ್ಲ. ಜಿಜಾಬಾಯಿ ತನಗೆ ಗೊತ್ತಿದ್ದನ್ನೆಲ್ಲ ಮಾಡಿದಳು. ಸಂಜೆಗೆ ಗುಲಶನ ತೀರಿಕೊಂಡಳು. ಹೊಟ್ಟೆಯೊಳಗಿನದೂ ಅವಳೊಂದಿಗೇ ಹೋಯಿತು.

ಜಿಜಾಬಾಯಿ ಎದ್ದು ಒಂದು ಕಲ್ಲು ತೆಗೆದುಕೊಂಡು ಆ ಕೀಲಿಗೆ ಹೊಡೆಯತೊಡಗಿದಳು. ಕೈಯಲ್ಲಿ ರಕ್ತ ಬರುವವರೆಗೆ ಹೊಡೆದಳು. ಕೀಲಿ ಗಟ್ಟಿಯದು, ಒಡೆಯಲಿಲ್ಲ. ನಮ್ಮ ಹೊಸ ಸರಕಾರದ ಎಲ್ಲ ವಸ್ತುಗಳಲ್ಲಿ ಎಕಂಬಾ ಮುಟ್ಟಿದ್ದು ಆ ಕೀಲಿ ಒಂದೇ.

ಅಕ್ಟೋಬರಿನಲ್ಲಿ ಪತ್ರಿಕೆಯೊಂದು ಕಡಾಯಿಯಲ್ಲಿ ಹುಟ್ಟಿದ ಕೂಸಿನ ಬಗ್ಗೆ ಬರೆಯಿತು. ಎಂಥ ಧೈರ್ಯ, ಎಂಥ ತಾಯಿ ಎಂದು ಹೊಗಳಿತು. ನಾವೆಯ ಮಾತು ಅದರಲ್ಲಿ ಇರಲಿಲ್ಲ, ಗುಲಶನಳ ಮಾತಂತೂ ಇಲ್ಲವೇ ಇಲ್ಲ. ಕೆಲ ದಿನಕ್ಕೆ ಕೀಲಿ ಹಾಕಿದ ಅದೇ ಜವಾನ ಊರಿಗೆ ಬಂದ. ನವೆಂಬರ್ ಒಂದರಂದು ರಾಜ್ಯದ ವರ್ಷದ ಹಬ್ಬ, ಬೆಂಗಳೂರಿನಿಂದ ದೊಡ್ಡ ಸಾಹೇಬರು ವಿಮಾನದಲ್ಲಿ ಬೀದರಕ್ಕೆ ಬರುತ್ತಾರೆ, ಜಿಜಾಬಾಯಿಗೆ ಶಾಲು ಹೊದಿಸುತ್ತಾರೆ, ಬರುವಾಗ ಕಡಾಯಿಯನ್ನೂ ತರಬೇಕು, ಜನ ನೋಡಬೇಕಂತೆ ಎಂದ.

“ನಾ ಬರಂಗಿಲ್ಲ ಆಪಾ,” ಎಂದು ಸಲಾವೋದ್ದೀನ ಜಿಜಾಬಾಯಿಗೆ ಹೇಳಿದ.

“ನೀ ಬರಬೇಕು. ನೀ ಬರಲಿಲ್ಲಂದ್ರ ನಾನೂ ಇಲ್ಲ, ಕಡಾಯಿನೂ ಇಲ್ಲ,” ಎಂದಳು ಜಿಜಾಬಾಯಿ.

ಹಿಂದಿನ ದಿನ ಹೊತ್ತು ಮೂಡುವಾಗಲೇ ಹೊರಟೆವು. ಅದೇ ಕಡಾಯಿಯಲ್ಲಿ ನದಿ ದಾಟಿ, ಆಚೆ ಗಾಡಿಯೊಂದನ್ನು ಬೇಡಿ ಅದರ ಮೇಲೆ ಕಡಾಯಿ ಹೇರಿ, ದಾರಿಯ ಹಳ್ಳಿಯೊಂದರಲ್ಲಿ ಮಲಗಿ, ಮರುದಿನ ಬಿಸಿಲೇರಿದ ಮೇಲೆ ಬೀದರದ ಹೊರಗಿನ ವಿಮಾನದ ಬಯಲು ಮುಟ್ಟಿದೆವು. ನಿಜಾಮನ ಕಾಲದಲ್ಲಿ ಮಾಡಿದ ಬಯಲು ಅದು. ವಿಮಾನ ನೋಡಲು ಊರಿಗೆ ಊರೇ ನೆರೆದಿತ್ತು. ಕರೀಮ ಸಾಬ ಬಸ್ಸು ಬಿಟ್ಟು ಬಂದಿದ್ದ. ಪಾನ್ ಅಂಗಡಿಯವನೂ ತನ್ನ ಪೆಟ್ಟಿಗೆ ಹೊತ್ತು ಬಂದಿದ್ದ.

ಎರಡು ಪಂಖದ ವಿಮಾನ ಇಳಿಯಿತು. ಸಾಹೇಬರು ಮಂಟಪ ಹತ್ತಿ ಮಾತಾಡಿದರು. “ಬೆಳಿಗ್ಗೆ ಬೆಂಗಳೂರಿನಲ್ಲಿ ಕಾಫಿ ಕುಡಿದು ಹೊರಟೆ. ಎರಡು ಗಂಟೆ ಆಯಿತು, ನಿಮ್ಮ ಮುಂದೆ ನಿಂತಿದ್ದೇನೆ. ಬೀದರ ದೂರ ಎಂದವರು ಯಾರು? ಇನ್ನು ಈ ರಾಜ್ಯದಲ್ಲಿ ದೂರ ಎಂಬುದೇ ಇಲ್ಲ!” ಚಪ್ಪಾಳೆ. ನನ್ನ ಪಕ್ಕದಲ್ಲಿ ಸಲಾವೋದ್ದೀನ ತನ್ನ ಅಂಗೈ ನೋಡಿಕೊಳ್ಳುತ್ತ ನಿಂತಿದ್ದ.

ಜಿಜಾಬಾಯಿಯನ್ನು ಮೇಲೆ ಕರೆದು ಶಾಲು ಹೊದಿಸಿದರು, ಕೈಯಲ್ಲಿ ತೆಂಗಿನಕಾಯಿ ಇಟ್ಟರು. ತಹಸೀಲದಾರರು ಅವಳ ಕಿವಿಯ ಬಳಿ ಗೊಣಗಿದರು: “ಕೈ ಮುಗಿದು ಇಳಿ, ಇಳಿ.” ಅವಳು ಇಳಿಯಲಿಲ್ಲ.

“ಸಾಹೇಬರ, ಹುಟ್ಟಿದ ಕೂಸಿಗಂತ ಶಾಲು ಕೊಟ್ರಿ. ಸತ್ತಾಕಿಗಿ ಏನ ಹೊದಸ್ತೀರಿ?”

ಸಾಹೇಬರು ಮುಗುಳ್ನಗುತ್ತಲೇ ಇದ್ದರು. “ಯಾರಮ್ಮ ಸತ್ತಿದ್ದು?”

“ಗುಲಶನ. ಅಗೋ, ಅಂವನ ಹೇಣ್ತಿ. ನಿಮ್ಮ ನಾವ ಕೀಲಿ ಹಾಕ್ಕೊಂಡು ನಿಂತಿತ್ತು, ಅದರ ಬಗಲಾಗೇ ಸತ್ತಳು. ನನಗ ಶಾಲು ಬ್ಯಾಡ, ನಾವ ಬೇಕು.”

ಸಾಹೇಬರು ತಹಸೀಲದಾರರ ಕಡೆ ನೋಡಿದರು. ವಿಷಯ ಪರಿಶೀಲನೆಯಲ್ಲಿದೆ ಎಂದರು ತಹಸೀಲದಾರರು. ಸಾಹೇಬರು ಸಮಾಧಾನದ ದನಿಯಲ್ಲಿ, “ನೋಡೋಣಮ್ಮ. ನೀವೇ ಒಂದು ಸಲ ಬೆಂಗಳೂರಿಗೆ ಬನ್ನಿ, ನನ್ನ ಆಫೀಸಿನ ಬಾಗಿಲು ಯಾವಾಗಲೂ ತೆರೆದಿರುತ್ತೆ,” ಎಂದರು.

“ನಿಮ್ಮೂರಿಗಿ ಹೊರಟಿದ್ದೆ ರಿ. ಒಂದ ಬುತ್ತಿ ಕಟಗೊಂಡು. ಈ ಮಂದಿ ನಕ್ಕರು.” ಆಕೆ ತೋರಿಸಿದ ಕಡೆ ಕರೀಮ ಸಾಬ ಮುಖ ತಿರುಗಿಸಿದ.

ಯಾರೋ ಅವಳ ತೋಳು ಹಿಡಿದು ಇಳಿಸಿದರು. ಸಾಹೇಬರು ಗಡಿಯಾರ ನೋಡಿಕೊಂಡರು, ಬೆಳಕಿರುವಾಗಲೇ ಬೆಂಗಳೂರಿನಲ್ಲಿ ಇಳಿಯಬೇಕಾಗಿತ್ತು. ಮಾಲೆಗಳು ಬಿದ್ದವು. ಎಲ್ಲರ ಕಣ್ಣು ಸಾಹೇಬರ ಮೇಲಿದ್ದಾಗ ಜಿಜಾಬಾಯಿ ಗಾಡಿಯ ಹತ್ತಿರ ಬಂದು ಹೇಳಿದಳು: “ಇಳಸ್ರಿ ಕಡಾಯಿ.”

ಇಳಿಸಿದೆವು. ಸಲಾವೋದ್ದೀನ ಒಂದು ಕಡೆ, ಗಾಡಿಯವನು ಒಂದು ಕಡೆ, ನಾನೂ ಒಂದು ಕಡೆ ಹಿಡಿದಿದ್ದೆ. ಅಂಚಿನ ಮೇಲೆ ಚಕ್ರದಂತೆ ಉರುಳಿಸಿಕೊಂಡು ಹೋಗಿ ವಿಮಾನದ ಮೂತಿಯ ಮುಂದೆ ಕೆಡವಿದೆವು. ಗಂಟೆ ಬಾರಿಸಿದಂತೆ ಸದ್ದಾಯಿತು. ಜಿಜಾಬಾಯಿ ಶಾಲನ್ನು ಕಡಾಯಿಯೊಳಗೆ ಹಾಸಿ, ತೆಂಗಿನಕಾಯಿ ಮಡಿಲಲ್ಲಿಟ್ಟುಕೊಂಡು, ಅದರಲ್ಲಿ ಕೂತಳು.

ಪೊಲೀಸರು ಓಡಿಬಂದರು. ಮುಟ್ಟಿದರೆ ಕಾಯಿಯಿಂದ ತಲೆ ಒಡೆಯುತ್ತೇನೆಂದಳು. ಶಾಲು ಹೊದಿಸಿಕೊಂಡವಳನ್ನು ಅಷ್ಟು ಜನರ ಮುಂದೆ ಎಳೆಯುವುದು ಹೇಗೆಂದು ಅವರಿಗೂ ತಿಳಿಯಲಿಲ್ಲ. ಕೊನೆಗೆ ಸಾಹೇಬರೇ ಬಂದರು.

“ಏಳಮ್ಮ. ಕತ್ತಲಾದರೆ ವಿಮಾನ ಇಳಿಸೋದು ಕಷ್ಟ.”

“ಕತ್ತಲಾದ್ರ ನಮಗೂ ಹೊಳಿ ದಾಟೂದು ಕಷ್ಟರಿ.”

“ನಾನು ಇವತ್ತೇ ಬೆಂಗಳೂರು ಸೇರಬೇಕು!”

“ಎರಡ ತಾಸು ಅಲ್ರಿ? ಅವಸರ ಯಾತಕ?”

ಬಯಲಿನ ತುಂಬ ನಗು ಎದ್ದಿತು. ಪಾನ್ ಅಂಗಡಿಯವನು ಪೆಟ್ಟಿಗೆ ಅದುರುವಂತೆ ನಕ್ಕ. ನಿಲ್ದಾಣದಲ್ಲಿ ನಕ್ಕ ಜನವೇ ಇದು, ಈ ಸಲ ನಗಿಸಿದವಳು ಅವಳು. ಅವಳು ಮಾತ್ರ ಈಗಲೂ ನಗಲಿಲ್ಲ. ಕಡಾಯಿಯಲ್ಲಿ ಒಂದು ಬದಿಗೆ ಸರಿದು ಜಾಗ ಮಾಡಿದಳು.

“ಬರ್ರಿ, ಕೂಡ್ರಿ. ಇನ್ನೊಬ್ಬರಿಗಿ ಜಾಗ ಅದ. ನಮ್ಮ ಹೊಳಿ ಒಮ್ಮಿ ಇದರಾಗ ದಾಟ್ರಿ, ಆಮ್ಯಾಲ ನಿಮ್ಮ ಇಮಾನದಾಗ ಹಾರ್ರಿ. ಯಾರು ಬ್ಯಾಡಂತಾರ?”

ಸಾಹೇಬರ ಮುಖ ಕೆಂಪಾಯಿತು. ತಹಸೀಲದಾರರ ಕಡೆ ತಿರುಗಿದರು. “ಆ ದೋಣಿಗೆ ಏನ್ರೀ ಆಗಬೇಕು?”

ಉತ್ತರ ಕೊಟ್ಟವನು ಸಲಾವೋದ್ದೀನ. “ಎರಡು ಹಲಗಿ, ಮೊಳಿ, ಡಾಂಬರು, ಸಾಬ.”

“ಇದಕ್ಕೆ ಬೆಂಗಳೂರಿನ ಅಪ್ಪಣೆ ಯಾಕ್ರೀ? ನಿಮ್ಮ ಹಂತದಲ್ಲೇ ಮಾಡಬಹುದಲ್ಲ! ಯಾರು ಬೇಡ ಅಂದಿದ್ದು?” ಎಂದು ಸಾಹೇಬರು ಗದರಿದರು.

ಜನ ಚಪ್ಪಾಳೆ ತಟ್ಟಿದರು. ತಾವು ಒಂದು ದೊಡ್ಡ ಉಪಕಾರ ಮಾಡಿದೆವೆಂದು ಸಾಹೇಬರಿಗೂ ಅನಿಸಿರಬೇಕು. ನನ್ನ ಮೈಯೆಲ್ಲ ಉರಿಯಿತು. ಅಪ್ಪಣೆಯೇ ಬೇಕಾಗಿರಲಿಲ್ಲ! ಯಾರೂ ಕೊಡಬೇಕಿಲ್ಲದ ಅಪ್ಪಣೆಗಾಗಿ ನಾವು ಒಂದು ವರ್ಷ ಕಾದಿದ್ದೆವು. ಹೊಸ ಸರಕಾರ ದೂರವಿದೆ ಎಂಬುದು ಕಚೇರಿಯವರಿಗೆ ಒಳ್ಳೆಯ ನೆಪವಾಗಿತ್ತು. ಕೇಳಲು ಹೋದವರು ಅಲ್ಲಿಯವರೆಗೆ ಹೋಗಲಾರರು ಎಂಬುದು ಅವರಿಗೆ ಗೊತ್ತಿತ್ತು. ಇಬ್ಬರು ಅಧಿಕಾರಿಗಳು ನಾಲ್ಕು ಮಾತಾಡಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಗುಲಶನ ಸತ್ತಳು. ಆ ಮಾತು ಕೇಳಿ ಸಲಾವೋದ್ದೀನ ಇದ್ದಲ್ಲೇ ನೆಲಕ್ಕೆ ಕುಸಿದು ಕೂತ. ಅವನ ಕಡೆ ನೋಡಿದವರು ಯಾರೂ ಇಲ್ಲ.

“ಆಯ್ತಲ್ಲಮ್ಮ, ದೋಣಿ ರಿಪೇರಿ ಆಗುತ್ತೆ. ಏಳಿ ಇನ್ನು.”

ಜಿಜಾಬಾಯಿ ಕೈ ಚಾಚಿದಳು. “ಕೀಲಿಕೈ.”

“ಏನು?”

“ಸರಪಳಿ ಕೀಲಿಕೈ. ಅಗೋ, ಆ ಜವಾನನ ಉಡದಾರದಾಗ ಅದ. ಮಾತ ನಂಬಿ ನಾ ಎರಡ ತಾಸಿನ ಊರ ಹುಡಕ್ಯಾಡೇನಿ. ಈಗ ಕೈಯಾಗ ಬಂದ್ರೇ ಏಳೂದು.”

ಜವಾನ ತಹಸೀಲದಾರರನ್ನು ನೋಡಿದ, ತಹಸೀಲದಾರರು ನೆಲ ನೋಡಿದರು. ಕೀಲಿಕೈ ಬಂತು. ಆಕೆ ಅದನ್ನು ತಾನು ಇಟ್ಟುಕೊಳ್ಳಲಿಲ್ಲ. ಕಡಾಯಿಯಿಂದ ಎದ್ದು ಬಂದು, ನೆಲದಲ್ಲಿ ಕೂತಿದ್ದ ಸಲಾವೋದ್ದೀನನ ಕೈಯಲ್ಲಿ ಇಟ್ಟಳು. “ಏಳು ತಮ್ಮಾ,” ಎಂದಳು.

ವಿಮಾನ ಹಾರಿತು. ಅದು ಕಾಣುತ್ತಿರುವಾಗಲೇ ಪೊಲೀಸರು ಜಿಜಾಬಾಯಿಯನ್ನು ಠಾಣೆಗೆ ಕರೆದೊಯ್ದರು. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಕೇಸು ಹಾಕಿದರು. ನನಗೆ ಶಿಕ್ಷಣ ಇಲಾಖೆಯಿಂದ ತಾಕೀತು ಬಂತು. ಬಡಿಗ ಮಾತ್ರ ಆ ವಾರವೇ ಔರಾದದಿಂದ ಬಂದು ಹಲಗೆ ಬಡಿದುಹೋದ, ಮೂರು ದಿನದ ಕೆಲಸ. ಮುಂದಿನ ಮಳೆಗಾಲದಲ್ಲಿ ಕೇಸಿನ ತಾರೀಖುಗಳಿಗೆ ಜಿಜಾಬಾಯಿ ಆ ನಾವೆಯಲ್ಲಿ ಕೂತೇ ಬೀದರಕ್ಕೆ ಹೋಗಿಬಂದಳು. ಕೊನೆಗೆ ಕೋರ್ಟಿನವರು ಇನ್ನು ಹೀಗೆ ಮಾಡಬೇಡವೆಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಆಕೆ, “ನೀವೂ ಮಾಡಬ್ಯಾಡ್ರಿ,” ಎಂದು ಹೇಳಿ ಬಂದಳಂತೆ.

ಇದೆಲ್ಲ ಆಗಿ ಕೆಲ ವರ್ಷಗಳಾದವು. ಬೆಂಗಳೂರಿಗೆ ವಿಮಾನ ಇನ್ನೂ ಬೇಗ ಹೋಗುತ್ತದೆಂದು ಓದುತ್ತೇನೆ. ಅದನ್ನು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಈಗಲೂ ನನಗೆ ಹುಣಸೆ ಮರದ ಕೆಳಗಿನ ಹೊರಸು ನೆನಪಾಗಿ ಸಿಟ್ಟು ಬರುತ್ತದೆ. ನಮ್ಮ ನದಿಗೆ ಸೇತುವೆ ಬಂದಿಲ್ಲ. ಸಲಾವೋದ್ದೀನ ನಾವೆ ನಡೆಸುತ್ತಾನೆ, ಮತ್ತೆ ಮದುವೆಯಾಗಿಲ್ಲ.

ಜಿಜಾಬಾಯಿ ಈಗ ಮಳೆಗಾಲದ ನಾಲ್ಕು ತಿಂಗಳು ನದಿಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾಳೆ, ದಿನ ತುಂಬಿದ ಹೆಂಗಸರನ್ನು ನಾವೆ ಹತ್ತಿಸಿ ತಾನೂ ಜೊತೆಗೆ ಆಚೆ ದಂಡೆಯವರೆಗೆ ಹೋಗುತ್ತಾಳೆ. ಉಳಿದ ತಿಂಗಳು ಎಕಂಬಾದಲ್ಲಿ ಹೆರಿಗೆ ಮಾಡಿಸುತ್ತಾಳೆ.